ವಾರಕ್ಕೊಂದು ಪುಡಿ, ಎಷ್ಟು ವಾರ?

ಪ್ರಶ್ನೆ: ಡಾಕ್ಟರೇ, ನಮ್ಮತ್ತೆಗೆ 68 ವರ್ಷ. ಮೊಣಕಾಲು ನೋವೆಂದು ತೋರಿಸಿದಾಗ ವಿಟಮಿನ್ ಡಿ ಕಡಿಮೆಯಿದೆ ಎಂದು 60,000 ಯೂನಿಟ್‌ನ ಪುಡಿಯನ್ನು ವಾರಕ್ಕೊಂದರಂತೆ ಎಂಟು ವಾರಕ್ಕೆ ಬರೆದುಕೊಟ್ಟರು. ನೋವು ತಗ್ಗಿತು. ಆಮೇಲೆ ಅತ್ತೆ ತಾವೇ ಮೆಡಿಕಲ್ ಶಾಪಿನಿಂದ ತರಿಸಿಕೊಂಡು ವಾರಕ್ಕೆರಡು ಕುಡಿಯುತ್ತಿದ್ದಾರೆ, ವರ್ಷದ ಮೇಲಾಯಿತು. ಈಗ ಊಟ ಸೇರುವುದಿಲ್ಲ, ಮಲಬದ್ಧತೆ, ವಿಪರೀತ ಬಾಯಾರಿಕೆ, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಶುಗರ್ ಇಲ್ಲ, ಬಿಪಿಗೆ ಮಾತ್ರೆ ಇದೆ. ‘ವಿಟಮಿನ್ ತಾನೇ, ಹೆಚ್ಚಾದರೆ ಏನಾಗುತ್ತೆ’ ಅನ್ನುತ್ತಾರೆ.
– ಗೃಹಿಣಿ, ಹಾಸನ

ಉತ್ತರ: ನಿಮಗೆ ಪತ್ರ ತಲುಪಿದ ದಿನವೇ ಉತ್ತರ ಕಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದ ಅತ್ತೆಯಂದಿರಿಗಾಗಿ.

ಇಂಥ ಲಕ್ಷಣಗಳಿದ್ದರೆ ಪುಡಿಯನ್ನು ಅಂದೇ ನಿಲ್ಲಿಸಬೇಕು. ಜೊತೆಗೆ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದರೆ ಅದನ್ನೂ. ತಡಮಾಡದೆ ವೈದ್ಯರಿಗೆ ತೋರಿಸಿ, ರಕ್ತದಲ್ಲಿ ಕ್ಯಾಲ್ಸಿಯಂ, ಕ್ರಿಯಾಟಿನಿನ್, ವಿಟಮಿನ್ ಡಿ ಮೂರನ್ನೂ ನೋಡಿಸಬೇಕು. ವಾಂತಿ ಶುರುವಾದರೆ, ಮಂಕು ಕವಿದು ಮಾತು ಹಿಡಿತ ತಪ್ಪಿದರೆ ನೇರ ಆಸ್ಪತ್ರೆಗೆ.

ಬಿ, ಸಿ ವಿಟಮಿನ್‌ಗಳು ನೀರಿನಲ್ಲಿ ಕರಗುವಂಥವು, ಹೆಚ್ಚಾದದ್ದರ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಮೈಯ ಕೊಬ್ಬಿನಲ್ಲಿ ಸೇರಿ ಅಲ್ಲೇ ಕೂರುತ್ತದೆ. ಕರುಳು ಕ್ಯಾಲ್ಸಿಯಂ ಹೀರುವಂತೆ ಮಾಡುವುದು ಅದರ ಕೆಲಸ. ಅತಿಯಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ನೀವು ಬರೆದ ಅಷ್ಟೂ ತೊಂದರೆಗಳು ಬರಬಹುದು. ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು. ಲೆಕ್ಕ ನೋಡಿ: ಐಸಿಎಂಆರ್ 2020ರಲ್ಲಿ ವಯಸ್ಕರಿಗೆ ಹೇಳಿರುವುದು ದಿನಕ್ಕೆ 600 ಯೂನಿಟ್, ಮೇಲ್ಮಿತಿ 4,000. ವಾರಕ್ಕೆರಡು ಪುಡಿಯೆಂದರೆ ದಿನಕ್ಕೆ 17,000 ದಾಟಿತು. ನಿಲ್ಲಿಸಿದ ಮೇಲೂ ಕೂಡಿಟ್ಟದ್ದು ಕರಗಲು ತಿಂಗಳುಗಳೇ ಹಿಡಿಯುತ್ತವೆ.

ಹೋಗುವಾಗ ಬಿಪಿ ಮಾತ್ರೆಯ ಪಟ್ಟಿಯನ್ನೂ ಒಯ್ಯಿರಿ. ಅದರಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಇದ್ದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗದೆ ಇನ್ನಷ್ಟು ಉಳಿದುಬಿಡುತ್ತದೆ. ಹಾಗೆಂದು ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಎಂಟು ವಾರವೆಂದು ಬರೆದವರದು ತಪ್ಪಿಲ್ಲ. ಕೊರತೆ ತುಂಬಲು ಅದು ರೂಢಿಯ ಕೋರ್ಸ್. ಚೀಟಿ ಕೇಳದೆ ವರ್ಷಗಟ್ಟಲೆ ಪುಡಿ ಕೊಡುವ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ಹೆಚ್ಚು ಡಿ ಕೊಟ್ಟರೆ ಮೂಳೆ ಹೆಚ್ಚು ಗಟ್ಟಿಯಾದೀತೆಂಬ ಆಸೆಯೂ ಸುಳ್ಳೇ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಡಿ ಪಡೆದವರೇ ಹೆಚ್ಚು ಬಿದ್ದಿದ್ದರು, ಅವರ ಮೂಳೆಗಳೇ ಹೆಚ್ಚು ಮುರಿದಿದ್ದವು.

ಪ್ರಶ್ನೆ: ವಯಸ್ಸು 31, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಿಸಿಲು ಬೀಳುವ ಕಿಟಕಿಯ ಪಕ್ಕವೇ ಕೂರುತ್ತೇನೆ, ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋಗುತ್ತೇನೆ. ಆದರೂ ಡಿ 14 ಬಂದಿದೆ. ಡಿ ತಗೊಂಡರೆ ಹೃದಯಾಘಾತ, ಕ್ಯಾನ್ಸರ್ ಬರುವುದಿಲ್ಲವಂತೆ, ನಿಜವೇ?
– ಓದುಗ, ಬೆಂಗಳೂರು

ಉತ್ತರ: ಚರ್ಮದಲ್ಲಿ ಡಿ ಹುಟ್ಟಿಸುವ ಯುವಿ-ಬಿ ಕಿರಣ ಗಾಜು ದಾಟುವುದಿಲ್ಲ. ಕಿಟಕಿಯಿಂದ ನಿಮಗೆ ಸಿಗುವುದು ಸೆಕೆ ಮಾತ್ರ. ಆರು ಗಂಟೆಯ ಎಳೆಬಿಸಿಲಿನಲ್ಲೂ ಆ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಬೇಕಾದದ್ದು ಹನ್ನೊಂದರಿಂದ ಎರಡರ ಬಿಸಿಲು, ನಮ್ಮ ಕಂದುಬಣ್ಣಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು. ಊಟದ ವಿರಾಮದಲ್ಲಿ ತೋಳು ಮಡಚಿ ಹೊರಗೆ ಅಡ್ಡಾಡಿ, ಚರ್ಮ ಸುಡುವಷ್ಟಲ್ಲ.

20ಕ್ಕಿಂತ ಕೆಳಗಿರುವುದರಿಂದ ವೈದ್ಯರು ಹೇಳುವ ಕೋರ್ಸ್ ಮುಗಿಸಿ. ಖಾಲಿ ಹೊಟ್ಟೆಯಲ್ಲಿ ಬೇಡ, ತುಪ್ಪವೋ ಮೊಸರೋ ಇರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರುತ್ತದೆ. ಕಿಡ್ನಿಯಲ್ಲಿ ಕಲ್ಲಾಗಿದ್ದರೆ ಮೊದಲೇ ತಿಳಿಸಿ.

ಹೃದಯ, ಕ್ಯಾನ್ಸರ್ ವಿಷಯಕ್ಕೆ ಅಮೆರಿಕದ ‘ವೈಟಲ್’ ಅಧ್ಯಯನವೇ ಉತ್ತರ. 25,871 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 2,000 ಯೂನಿಟ್ ಕೊಟ್ಟು ಸರಾಸರಿ ಐದು ವರ್ಷ ನೋಡಿದರು. ಹೃದಯಾಘಾತವೂ ತಗ್ಗಲಿಲ್ಲ, ಹೊಸದಾಗಿ ಕ್ಯಾನ್ಸರ್ ಬರುವುದೂ ತಗ್ಗಲಿಲ್ಲ. ಅಲ್ಲಿದ್ದ ಬಹುತೇಕರಿಗೆ ಕೊರತೆಯೇ ಇರಲಿಲ್ಲ ಎಂಬುದೂ ನಿಜ. ನಿಮಗೆ ಮಾತ್ರೆ ಬೇಕಿರುವುದು ಮೂಳೆ, ಸ್ನಾಯುಗಳಿಗಾಗಿ.

ಪ್ರಶ್ನೆ: ಮಗುವಿಗೆ ಎರಡು ತಿಂಗಳು, ಎದೆಹಾಲು ಮಾತ್ರ. ಡಿ ಡ್ರಾಪ್ಸ್ ಕೊಡಲೇಬೇಕೆ? ಅಮ್ಮ ಬೇಡ ಅನ್ನುತ್ತಾರೆ.
– ಬಾಣಂತಿ, ಶಿರಸಿ

ಉತ್ತರ: ಕೊಡಿ. ಎದೆಹಾಲಿನಲ್ಲಿ ಡಿ ಬಹಳ ಕಡಿಮೆ. ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಬೇಕು. ಹೊಸ ಬಾಟಲಿ ತಂದಾಗಲೆಲ್ಲ ಲೇಬಲ್ ಓದಿ. ಒಂದು ಎಂಎಲ್‌ನಲ್ಲಿ 400 ಇರುವುದೂ ಉಂಟು, 800 ಇರುವುದೂ ಉಂಟು. 800ರದ್ದಾದರೆ ಡ್ರಾಪರಿನ ಅರ್ಧ ಎಂಎಲ್ ಗೆರೆಯವರೆಗೆ ಮಾತ್ರ.