ಶಿರೂರು ಸೀಮೆಯ ಹಿಂಗಾರಿ ಕಾಯಿಪಲ್ಯೆ ತೋಟ

ಶೀತ ದೇಶಗಳಲ್ಲಿ ಹಿಮ ಕರಗಿದ ಮೇಲೆ ತೋಟದ ಕೆಲಸ ಆರಂಭವಾದರೆ, ಬಾಗಲಕೋಟೆ ಸಮೀಪದ ಶಿರೂರಿನಂಥ ಒಣ ಸೀಮೆಯಲ್ಲಿ ಕಾಯಿಪಲ್ಯೆಗೆ ಬೇಕಾದ ತಂಪು ದೊರೆಯುವುದು ಹಿಂಗಾರಿಯಲ್ಲಿ, ಅಂದರೆ ಸೆಪ್ಟೆಂಬರ್–ಅಕ್ಟೋಬರ್ ಮಳೆಯಿಂದ ಫೆಬ್ರುವರಿಯವರೆಗಿನ ಹಂಗಾಮಿನಲ್ಲಿ. ಆದ್ದರಿಂದ ಇಲ್ಲಿನ ಯೋಜನೆಯನ್ನು ಮಾರ್ಚಿನ ಬಿಸಿಲಿನಿಂದ ಹಿಂದಕ್ಕೆ ಎಣಿಸಿ ರೂಪಿಸುವುದೇ ಸರಿಯಾದ ಕ್ರಮ.

ಮೊದಲ ಕೆಲಸ ನೆಲದ್ದು. ಎರೆಭೂಮಿ ತೇವವನ್ನು ಬಹುಕಾಲ ಹಿಡಿದಿಟ್ಟುಕೊಂಡರೂ ಮಳೆ ಹೆಚ್ಚಾದಾಗ ನೀರು ನಿಂತು ಬೇರು ಕೊಳೆಯುವುದರಿಂದ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಒಂದು ಮೀಟರ್ ಅಗಲದ, ಸುಮಾರು 15 ಸೆಂ.ಮೀ. ಎತ್ತರದ ಏರುಮಡಿಗಳನ್ನು ಮಾಡಿಕೊಳ್ಳಬೇಕು. ಮಸಾರಿ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಅಲ್ಲಿ ಗೊಬ್ಬರವೂ ನೀರಿನ ಸರದಿಯೂ ಹೆಚ್ಚು ಬೇಕಾಗುತ್ತವೆ.

ಎರಡನೆಯದು ಸಸಿಮಡಿ, ಅಂದರೆ ಬೀಜವನ್ನು ಒತ್ತಾಗಿ ಬಿತ್ತಿ ಎಳೆಯ ಸಸಿ ಬೆಳೆಸುವ ಮಡಿ. ಟೊಮೆಟೊ, ಬದನೆ, ಹೂಕೋಸಿನ ಸಸಿಗಳು ಸುಮಾರು 25–30 ದಿನಕ್ಕೂ ಉಳ್ಳಾಗಡ್ಡಿಯವು 40–45 ದಿನಕ್ಕೂ ನಾಟಿಗೆ ಬರುವುದರಿಂದ, ಸೆಪ್ಟೆಂಬರಿನಲ್ಲೇ ಬೀಜ ಮಡಿಗೆ ಬೀಳಬೇಕು. ಗಜ್ಜರಿ, ಮೂಲಂಗಿಗಳ ಸಸಿ ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುವ ಕಾರಣ ಅವುಗಳನ್ನು ನೇರವಾಗಿಯೇ ಬಿತ್ತಬೇಕು. ಗಜ್ಜರಿಗೆ ಸುಮಾರು ಮೂರು ತಿಂಗಳು ಹಿಡಿಯುವುದರಿಂದ, ನವೆಂಬರ್ ಮೀರಿದ ಬಿತ್ತನೆಯ ಗಡ್ಡೆ ಬಿಸಿಲಿಗೆ ಸಿಕ್ಕಿ ಬಣ್ಣವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತದೆ. ಮೆಂತ್ಯ, ಕೊತ್ತಂಬರಿಗಳನ್ನು ಒಮ್ಮೆಲೇ ಬಿತ್ತದೆ ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಮನೆಗೆ ಪಲ್ಯೆ ತಪ್ಪುವುದಿಲ್ಲ.

ತಳಿಯ ಆಯ್ಕೆಯಲ್ಲಿ ಅತ್ಯಂತ ಎಚ್ಚರ ಬೇಕಾದುದು ಹೂಕೋಸಿಗೆ. ಅದರ ಮುಂಗಡ, ಮಧ್ಯಮ ಮತ್ತು ತಡವಾದ ತಳಿಗಳು ಬೇರೆಬೇರೆ ಉಷ್ಣಾಂಶದಲ್ಲಿ ಮಾತ್ರ ಗಡ್ಡೆ ಕಟ್ಟುತ್ತವೆ. ತಪ್ಪು ಕಾಲಕ್ಕೆ ತಪ್ಪು ತಳಿ ನೆಟ್ಟರೆ ಎಲೆ ಸೊಂಪಾಗಿ ಬೆಳೆದರೂ ಗಡ್ಡೆ ಗುಂಡಿಯಷ್ಟೇ ಉಳಿಯಬಹುದು. ಚಳಿಗಾಲದಲ್ಲೂ ಹಗಲು ಬೆಚ್ಚಗಿರುವ ಈ ಸೀಮೆಗೆ ಮುಂಗಡ ತಳಿಗಳೇ ಹೊಂದುತ್ತವೆ. ಟೊಮೆಟೊಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮೆಚ್ಚತಕ್ಕ ಆಯ್ಕೆ: ಎಲೆ ಮುಟುರು, ದುಂಡಾಣು ಸೊರಗು ಮತ್ತು ಅಂಗಮಾರಿ ಎಂಬ ಮೂರು ರೋಗಗಳನ್ನೂ ಅದು ತಡೆದುಕೊಳ್ಳುತ್ತದೆ.

ಹಣ್ಣು ಕೊರೆಯುವ ಹುಳುವಿಗೆ ಔಷಧ ಸಿಂಪಡಿಸುವ ಮೊದಲು, ಟೊಮೆಟೊದ ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡು ಹೂ ನೆಡುವುದು ಲೇಸು. ನೆಡುವಾಗ ಟೊಮೆಟೊ ಸಸಿಗೆ 25 ದಿನ, ಚೆಂಡು ಹೂವಿನ ಸಸಿಗೆ 45 ದಿನವಾಗಿದ್ದರೆ ಎರಡೂ ಒಟ್ಟಿಗೆ ಹೂ ಬಿಟ್ಟು, ಪತಂಗಗಳು ಚೆಂಡು ಹೂವಿಗೇ ಒಲಿದು ಮೊಟ್ಟೆಯಿಡುತ್ತವೆ.

ಬಾಗಲಕೋಟೆಯಲ್ಲೇ 2008ರಲ್ಲಿ ಸ್ಥಾಪಿತವಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿರುವುದರಿಂದ, ಶಿರೂರಿನ ರೈತರು ಬೀಜ ಕೊಳ್ಳುವ ಮೊದಲೇ ಅಲ್ಲಿನ ತಜ್ಞರಲ್ಲಿ ತಳಿ ಮತ್ತು ಬಿತ್ತನೆಯ ಕಾಲವನ್ನು ವಿಚಾರಿಸಿಕೊಳ್ಳಬೇಕು.