ಹಸಿರುಮನೆ ಅನಿಲಗಳ ಲೆಕ್ಕದಲ್ಲಿ ಕೇಂದ್ರ ಮತ್ತು ರಾಜ್ಯಗಳ ಹೊಣೆ

ಭೂಮಿಯ ಶಾಖವನ್ನು ಹಿಡಿದಿಡುವ ಇಂಗಾಲಾಮ್ಲವಾಯು, ಮೀಥೇನ್ ಮೊದಲಾದುವುಗಳಿಗೆ ಹಸಿರುಮನೆ ಅನಿಲಗಳೆಂದು ಹೆಸರು. ಇವುಗಳ ಲೆಕ್ಕವನ್ನು ಕೇಂದ್ರ ಸರ್ಕಾರದವರು ಇಡಬೇಕೋ ರಾಜ್ಯದವರು ಇಡಬೇಕೋ ಎಂಬುದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನದ ಉದಾಹರಣೆಯಿಂದ ವಿಚಾರಮಾಡಬಹುದು.

ಕೇಂದ್ರದ ಲೆಕ್ಕ.— ಅಲ್ಲಿಯ ಕೇಂದ್ರ ಪರಿಸರ ಸಂರಕ್ಷಣಾ ಇಲಾಖೆಯವರು 2009ರಲ್ಲಿ ಒಂದು ನಿಯಮವನ್ನು ಮಾಡಿದರು. ಸಾಮಾನ್ಯವಾಗಿ ವರ್ಷಕ್ಕೆ 25,000 ಟನ್ನಿಗೆ ಕಡಮೆಯಿಲ್ಲದಷ್ಟು ಅನಿಲವನ್ನು ಹೊರಬಿಡುವ ಕಾರ್ಖಾನೆಯವರು ಪ್ರತಿವರ್ಷವೂ ಲೆಕ್ಕ ಒಪ್ಪಿಸತಕ್ಕದ್ದೆಂದು ಅದರಿಂದ ಗೊತ್ತಾಯಿತು.

ರಾಜ್ಯದ ಲೆಕ್ಕ.— ಕ್ಯಾಲಿಫೋರ್ನಿಯಾ ರಾಜ್ಯವು ಅದಕ್ಕೆ ಮುಂಚೆಯೇ, 2006ರಲ್ಲಿ, ಸ್ವಂತ ಶಾಸನವನ್ನು ಮಾಡಿಕೊಂಡಿತ್ತು. ಅಲ್ಲಿ 10,000 ಟನ್ನಿನ ಕಾರ್ಖಾನೆಗಳೂ ಲೆಕ್ಕ ಕೊಡಬೇಕು. ದೊಡ್ಡವುಗಳ ಲೆಕ್ಕವನ್ನು ಸ್ವತಂತ್ರ ಪರೀಕ್ಷಕರು ತಪಾಸಣೆ ಮಾಡಬೇಕು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಇಲಾಖೆಯು ತನ್ನ ಲೆಕ್ಕದ ಬಹುಪಾಲು ಬಾಬುಗಳನ್ನು ಕೈಬಿಡುವ ಸೂಚನೆಯನ್ನು ಪ್ರಕಟಿಸಿತು. ಸ್ವಂತ ಶಾಸನವುಳ್ಳ ರಾಜ್ಯದ ಲೆಕ್ಕವು ಇದರಿಂದ ನಿಲ್ಲಲಾರದು. ಇಲ್ಲದ ರಾಜ್ಯಗಳಲ್ಲಿ ಲೆಕ್ಕವೇ ತಪ್ಪಿಹೋಗುವ ಸಂಭವವುಂಟು.

ದನಕರುಗಳ ಲೆಕ್ಕ.— ದೊಡ್ಡ ಪಶುಶಾಲೆಗಳ ಸಗಣಿಯಿಂದ ಏಳುವ ಅನಿಲವನ್ನೂ 2009ರ ನಿಯಮವು ಒಳಕೊಂಡಿತ್ತು. ಆದರೆ ಅದಕ್ಕಾಗಿ ಹಣ ವೆಚ್ಚಮಾಡಕೂಡದೆಂದು ಅಲ್ಲಿಯ ಶಾಸನಸಭೆಯು ಕಟ್ಟುಮಾಡಿದುದರಿಂದ ಆ ಭಾಗವು ಆಚರಣೆಗೆ ಬರಲಿಲ್ಲ. ಆದಕಾರಣ ದನಗಳ ಸಂಖ್ಯೆಯನ್ನು ತಲೆಯೊಂದಕ್ಕೆ ಗೊತ್ತಾದ ಪ್ರಮಾಣದಿಂದ ಗುಣಿಸಿ, ದೇಶದ ಮೊತ್ತವನ್ನು ಅಂದಾಜು ಮಾಡುತ್ತಾರೆ.

ನಮ್ಮ ದೇಶದ ಕ್ರಮ.— ನಮ್ಮಲ್ಲಿಯೂ ದನಗಳ ಲೆಕ್ಕಕ್ಕೆ ಇದೇ ದಾರಿ. ಮೊತ್ತವನ್ನು ಕಟ್ಟಿ ವಿಶ್ವಸಂಸ್ಥೆಗೆ ಒಪ್ಪಿಸುವವರು ಕೇಂದ್ರ ಪರಿಸರ ಸಚಿವಾಲಯದವರು; ದನಗಳ ಸಂಖ್ಯೆಯು ದೊರೆಯುವುದು ರಾಜ್ಯದ ಪಶುಪಾಲನಾ ಇಲಾಖೆಯವರು ಮನೆಮನೆಗೆ ಬಂದು ನಡೆಸುವ ಜಾನುವಾರು ಗಣತಿಯಿಂದ. 2010ರಲ್ಲಿ ಪ್ರಕಟವಾದ ರಾಷ್ಟ್ರೀಯ ಲೆಕ್ಕದಲ್ಲಿ, ಕರೆಯುವ ನಾಟಿ ಹಸುವೊಂದಕ್ಕೆ ವರ್ಷಕ್ಕೆ 28 ಕಿಲೋಗ್ರಾಂ, ಮಿಶ್ರತಳಿಯ ಹಸುವಿಗೆ 43, ಎಮ್ಮೆಗೆ 50 ಕಿಲೋಗ್ರಾಂ ಮೀಥೇನ್ ಎಂದು ಹಿಡಿಯಲಾಗಿತ್ತು. ಒಂದು ಗ್ರಾಮದ 100 ನಾಟಿ ಹಸುಗಳನ್ನು ಮಿಶ್ರತಳಿಯವೆಂದು ಬರೆಯಿಸಿದರೆ, ಹುಟ್ಟದಿರುವ 1,500 ಕಿಲೋಗ್ರಾಂ ಅನಿಲವು ಆ ಗ್ರಾಮದ ರೈತರ ಹೆಸರಿಗೆ ಏರುವುದು. ಈ ತಪ್ಪು ದೆಹಲಿಯಲ್ಲಿ ಕುಳಿತವರಿಗೆ ಕಾಣಿಸದು. ತಿದ್ದತಕ್ಕ ಸ್ಥಳವು ಕೊಟ್ಟಿಗೆಯ ಬಾಗಿಲೇ.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲಿಕರೂ ಗಮನಿಸತಕ್ಕ ಅಂಶಗಳು:—

1. ಗಣತಿದಾರರು ಬಂದಾಗ ತಳಿ, ವಯಸ್ಸು, ಕರೆಯುವುದೋ ಬತ್ತಿದುದೋ ಎಂಬುದನ್ನು ಬೇರೆ ಬೇರೆಯಾಗಿ ಹೇಳಿಸುವುದು.

2. ಮಾರಿದ ಅಥವಾ ಸತ್ತ ದನವನ್ನು ಸೇರಿಸದಿರುವುದು. ಮೇಯಲು ಹೋದ ದನವನ್ನು ಬಿಡದಿರುವುದು.

3. ಎಣಿಕೆಯು ತೆರಿಗೆಗಾಗಿ ಅಲ್ಲವೆಂದು ಜನರಿಗೆ ತಿಳಿಯಹೇಳಿ, ಅವರ ಅಂಜಿಕೆಯನ್ನು ಬಿಡಿಸುವುದು.

ಮೇಲಿನ ಸರ್ಕಾರಗಳು ಹೊಣೆಯನ್ನು ಹೇಗೆ ಹಂಚಿಕೊಂಡರೂ ಮೊದಲನೆಯ ಅಂಕಿಯನ್ನು ಕೊಡುವವನು ರೈತನೇ ಆಗಿರುತ್ತಾನೆ.