ಸಸಿಮಡಿ ಹಾಕದೆ ನಾಟಿಗೆ ನಿಲ್ಲಬೇಡಿ

ಸೋನಾ ಮಸೂರಿ ಬೀಜ ತರುವಾಗ ನೀವು ಸಿಂಧನೂರಿನಲ್ಲಿ ಎಷ್ಟು ಅಂಗಡಿ ಸುತ್ತುತ್ತೀರಿ ಎಂಬುದನ್ನು ನಾನು ನೋಡಿದ್ದೇನೆ. ಚೀಲ ತಿರುವಿ ಚೀಟಿ ಓದುತ್ತೀರಿ, ಹೋದ ವರ್ಷ ಬಿತ್ತಿದವರನ್ನು ಕೇಳುತ್ತೀರಿ. ಮಗಳಿಗೆ ಗಂಡು ಬಂದರೆ ಹುಡುಗನ ಅಜ್ಜನ ಕಾಲದ ಸಾಲದವರೆಗೂ ವಿಚಾರಿಸುತ್ತೀರಿ. ಅದೇ ನೀವು, ಐದು ವರ್ಷ ಊರು ನೋಡಿಕೊಳ್ಳುವವರನ್ನು ಆರಿಸುವಾಗ ಮಾತ್ರ ಕಟ್ಟೆಯ ಮೇಲೆ ಕೂತು, "ಅವ್ರು ಬಂದ್ರೂ ಅಷ್ಟ, ಇವ್ರು ಬಂದ್ರೂ ಅಷ್ಟ, ಬಿಡ್ರಿ ಅಕ್ಕಾರ" ಎಂದು ಕೈ ಝಾಡಿಸಿಬಿಡುತ್ತೀರಿ. ನಿಮ್ಮ ಬೇಸರ ಸುಳ್ಳಲ್ಲ. ಆದರೆ ಬೇಸರ ಮಾಡಿಕೊಂಡು ಸುಮ್ಮನೆ ಕೂರುವುದು ಸರಿಯಲ್ಲ. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಸಿಟ್ಟಾಗದೆ ಕೇಳಿ.

ಬೇಸರಕ್ಕೆ ಕಾರಣ ಬೇಕೆಂದರೆ ನಮ್ಮ ಮಸ್ಕಿಯನ್ನೇ ನೋಡಿ. 2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಪ್ರತಾಪಗೌಡ ಪಾಟೀಲ, ಬಿಜೆಪಿಯಿಂದ ಬಸನಗೌಡ ತುರ್ವಿಹಾಳ ನಿಂತರು. ಪಾಟೀಲರು ಗೆದ್ದದ್ದು ಬರೀ 213 ಮತಗಳಿಂದ. ಮರುವರ್ಷ ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟರು, ಅನರ್ಹರೂ ಆದರು, ಆಮೇಲೆ ಬಿಜೆಪಿ ಸೇರಿದರು. ತುರ್ವಿಹಾಳರು ಕಾಂಗ್ರೆಸ್ಸಿಗೆ ಬಂದರು. ಹಳೆಯ ಫಲಿತಾಂಶದ ತಕರಾರು ಹೈಕೋರ್ಟಿನಲ್ಲಿ ಇದ್ದುದರಿಂದ, 2019ರ ಡಿಸೆಂಬರಿನಲ್ಲಿ ಬೇರೆ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದರೂ ಮಸ್ಕಿಗೆ ನಡೆಯಲಿಲ್ಲ. ಹೆಚ್ಚುಕಡಿಮೆ ಎರಡು ವರ್ಷ ಆ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. 2021ರ ಏಪ್ರಿಲ್ 17ರಂದು ಕೊನೆಗೂ ಮತದಾನವಾದಾಗ ಜನರ ಮುಂದೆ ಮುಖ್ಯವಾಗಿ ನಿಂತಿದ್ದವರು ಅದೇ ಇಬ್ಬರು, ಬಾವುಟ ಮಾತ್ರ ಅದಲುಬದಲು. ಯಾರು ಮಾಡಿದ್ದು ಸರಿ, ಯಾರದು ತಪ್ಪು ಎಂದು ನಾನು ಹೇಳಲು ಹೊರಟಿಲ್ಲ. ಇಂಥ ಎಲೆ ಮುಂದೆ ಬಡಿಸಿಟ್ಟರೆ ಯಾರಿಗಾದರೂ ಬೇಸರ ಆಗುತ್ತದೆ, ಅಷ್ಟೇ.

ಆದರೆ ಮುಂದೇನಾಯಿತು ನೋಡಿ. ಮಸ್ಕಿಯ ಜನ ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಹೋದ ಸಲ 213ರಲ್ಲಿ ತೂಗಾಡಿದ ತಕ್ಕಡಿ ಈ ಸಲ 30,606 ಮತಗಳಷ್ಟು ಒಂದೇ ಕಡೆ ವಾಲಿತು. ಆಯ್ಕೆ ಎಷ್ಟೇ ಚಿಕ್ಕದಿದ್ದರೂ ತಮ್ಮ ಮನಸ್ಸಿನಲ್ಲಿದ್ದುದನ್ನು ಖಡಾಖಂಡಿತ ಹೇಳಿಬಿಟ್ಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದುಂಟೇ? ಅಭ್ಯರ್ಥಿ ಸರಿಯಿಲ್ಲವೆಂದು ಮತವನ್ನೇ ಬಿಟ್ಟರೆ ಲುಕ್ಸಾನು ನಿಮ್ಮದೇ.

ನೋಟಾ ಇದೆಯಲ್ಲ ಎನ್ನುತ್ತೀರಿ. ಇದೆ, 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಬಂದದ್ದು. ಒತ್ತುವುದು ನಿಮ್ಮ ಹಕ್ಕು. ಆದರೆ ಅದರ ಕೈಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿದು ಒತ್ತಿ. ವಿಧಾನಸಭೆ ಚುನಾವಣೆಯಲ್ಲಿ ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ ಅಭ್ಯರ್ಥಿಗಳ ಪೈಕಿ ಮುಂದಿರುವವರೇ ಗೆಲ್ಲುತ್ತಾರೆ. 2018ರಲ್ಲಿ ಮಸ್ಕಿಯಲ್ಲಿ ನೋಟಾಕ್ಕೆ ಬಿದ್ದ ಮತಗಳು ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದವು. ಅಷ್ಟೂ ಜನ ತಮ್ಮ ಬೇಸರವನ್ನು ದಾಖಲಿಸಿದರು. ಯಾರು ಶಾಸಕರಾಗಬೇಕೆಂಬುದನ್ನು ಮಾತ್ರ ಬೇರೆಯವರು ನಿರ್ಧರಿಸಿದರು.

ಬಹಿಷ್ಕಾರದ ಮಾತಿಗೂ ಇದೇ ಅನ್ನಬೇಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ದಿನಗಟ್ಟಲೆ ಧರಣಿ ಕೂತರು. 2020ರ ಪಂಚಾಯಿತಿ ಚುನಾವಣೆಯನ್ನು ಆ ಭಾಗದ ಕೆಲವು ಊರುಗಳು ಬಹಿಷ್ಕರಿಸಿದವು. ಆ ಸಿಟ್ಟಿಗೆ ನಾನು ಕೈ ಮುಗಿಯುತ್ತೇನೆ, ನೀರಿಲ್ಲದ ಹೊಲದ ಸಂಕಟ ನನಗೂ ಗೊತ್ತು. ಆದರೆ ಸದಸ್ಯರೇ ಇಲ್ಲದ ಪಂಚಾಯಿತಿ ಅಧಿಕಾರಿಯ ಕೈಗೆ ಹೋಗುತ್ತದೆ. ಬೀದಿ ದೀಪ ಕೆಟ್ಟರೆ ಯಾರ ಮನೆ ಬಾಗಿಲು ಬಡಿಯುತ್ತೀರಿ? ಕೆಲವೇ ತಿಂಗಳಿಗೆ ಮಸ್ಕಿಗೆ ಉಪಚುನಾವಣೆ ಬಂದಾಗ ಅದೇ ಕಾಲುವೆ ಕ್ಷೇತ್ರದ ದೊಡ್ಡ ಪ್ರಶ್ನೆಯಾಯಿತು, ಮತ ಕೇಳಲು ಬಂದವರು ಅದಕ್ಕೆ ಉತ್ತರ ಹೇಳಬೇಕಾಯಿತು. ನನಗೆ ಹಿಡಿಸುವ ದಾರಿ ಅದು.

ಇನ್ನು ನಿಮಗೆ ಬೈಯಲೇಬೇಕಾದ ಮಾತಿಗೆ ಬರುತ್ತೇನೆ. ಒಳ್ಳೆಯವರು ನಿಲ್ಲುವುದಿಲ್ಲ ಎನ್ನುತ್ತೀರಿ. ಅವರನ್ನು ನಿಲ್ಲಿ ಎಂದು ಯಾವಾಗ ಕೇಳಿದಿರಿ? ಸಸಿಮಡಿ ಹಾಕದವನು ಕಾಲುವೆಗೆ ನೀರು ಬಿಟ್ಟ ದಿನ ಗದ್ದೆಯಲ್ಲಿ ನಿಂತು ಏನು ನಾಟಿ ಮಾಡುತ್ತಾನೆ? ನಾಳೆಯ ಶಾಸಕರ ಸಸಿಮಡಿ ಗ್ರಾಮ ಪಂಚಾಯಿತಿ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮತಪತ್ರದಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ವಯಸ್ಸು 21 ತುಂಬಿ, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನಿಲ್ಲಬಹುದು, ಠೇವಣಿಯೂ ದೊಡ್ಡದಲ್ಲ. ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ಟಿಕೆಟ್ ಬರುವ ಗೋಜೂ ಇಲ್ಲ. ಎರಡು ಮತ, ಮೂರು ಮತದಲ್ಲಿ ಸೋಲು ಗೆಲುವು ಆಗುತ್ತದೆ, ಸಮವಾದರೆ ಚೀಟಿ ಎತ್ತುತ್ತಾರೆ. ಇಷ್ಟು ಕೈಗೆಟಕುವ ಚುನಾವಣೆಯನ್ನೂ ನೀವು ಊರ ನಾಲ್ಕು ಜನ ದೊಡ್ಡವರಿಗೆ ಒಪ್ಪಿಸಿಬಿಡುತ್ತೀರಿ. ಗುಡಿಯ ಕಟ್ಟೆಯಲ್ಲಿ ಕೂತು ಅವಿರೋಧ ಆಯ್ಕೆ ಮಾಡುತ್ತಾರೆ, ಕೆಲವು ಕಡೆ ಸ್ಥಾನವನ್ನು ಹರಾಜಿಗೇ ಇಡುತ್ತಾರೆ. ಹಣ ಗುಡಿಗೆ ಹೋಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕೊಟ್ಟವನು ಅದನ್ನು ನಿಮ್ಮ ಚರಂಡಿ ಕಾಮಗಾರಿಯಲ್ಲೇ ತೆಗೆದುಕೊಳ್ಳುತ್ತಾನೆ. ದೇವರ ಹೆಸರು ಹೇಳಿ ಮಾರಿದರೂ ಅದು ಮಾರಾಟವೇ, ಕಾನೂನು ಒಪ್ಪುವುದಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಅವರಿಗೆ ಮೀಸಲು. ಆದರೆ ಪ್ರಚಾರಕ್ಕೆ ಬಂದಾಗ ಗಂಡನದೇ ಮಾತು, ಆಕೆ ಸೆರಗು ಹೊದ್ದು ಹಿಂದೆ ನಿಂತಿರುತ್ತಾಳೆ. ಆಗ ನೀವು ಗಂಡನನ್ನು ಪಕ್ಕಕ್ಕೆ ಕೂರಿಸಿ, "ಅಕ್ಕಾ, ನೀವೇ ಹೇಳ್ರಿ, ನಮ್ಮ ಓಣಿಗೆ ನೀರು ಹೆಂಗ ತರ್ತೀರಿ?" ಎಂದು ಕೇಳಿ. ಮೊದಲ ಸಲ ತಡವರಿಸಬಹುದು. ಐದು ಮನೆ ದಾಟುವಷ್ಟರಲ್ಲಿ ಉತ್ತರ ಬರುತ್ತದೆ. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹುಡುಗಿ, ಆಸ್ಪತ್ರೆಗೆ ಹೋಗುವವರಿಗೆ ರಾತ್ರಿಯಲ್ಲೂ ಜೊತೆಯಾಗುವ ಆಶಾ ಕಾರ್ಯಕರ್ತೆಯ ತಂಗಿ, ಇಂಥವರು ನಿಮ್ಮ ಓಣಿಯಲ್ಲೇ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಅವರನ್ನು ಕಾಣದೆ ಹೋಗಿದ್ದೀರಿ.

ಮತಕ್ಕೆ ಕೊಡುವ ಹಣದ ಮಾತು ಚುಟುಕಾಗಿ ಮುಗಿಸುತ್ತೇನೆ, ನಿಮಗೂ ಗೊತ್ತಿರುವುದೇ. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು. ನೋಟು ಇಸಿದುಕೊಂಡವರಿಗೆ ನಾಳೆ ರಸ್ತೆ ಕೇಳುವ ಬಾಯಿ ಇರುವುದಿಲ್ಲ.

ಗುಳೆ ಹೋದವರಿಗೂ ಒಂದು ಮಾತು. ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿರುವ ನಿಮ್ಮನ್ನು ಕರೆತರಲು ಅಭ್ಯರ್ಥಿ ಬಸ್ಸು ಕಳಿಸಿದರೆ, ಆ ಬಸ್ಸಿನ ಋಣ ಮತಗಟ್ಟೆಯವರೆಗೂ ಬೆನ್ನು ಬಿಡುವುದಿಲ್ಲ. ಸಾಧ್ಯವಾದರೆ ನಿಮ್ಮ ದುಡ್ಡಿನಲ್ಲೇ ಬನ್ನಿ. ಒಂದು ದಿನ ಮುಂಚೆ ಬಂದು, ಊರಲ್ಲೇ ಉಳಿದವರ ಬಳಿ ಯಾರು ಹೇಗೆ ಎಂದು ವಿಚಾರಿಸಿ.

ವಿಧಾನಸಭೆಗೆ ನಿಲ್ಲುವವರ ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಮೊಕದ್ದಮೆ ಎಲ್ಲ ಅವರದೇ ಪ್ರಮಾಣಪತ್ರದಲ್ಲಿ ಇರುತ್ತದೆ. ಚುನಾವಣಾ ಆಯೋಗ ಅದನ್ನು ಮೊಬೈಲಿನಲ್ಲೇ ತೋರಿಸುತ್ತದೆ. ನಿಮಗೆ ಬರದಿದ್ದರೆ ಕಾಲೇಜಿಗೆ ಹೋಗುವ ಮಗನ ಕೈಯಲ್ಲಿ ತೆಗೆಸಿ, ನಾಲ್ಕು ಮನೆಯವರು ಕೂತು ಓದಿಸಿ ಕೇಳಿ. ನಮ್ಮ ಸುತ್ತಿನ ಕ್ಷೇತ್ರಗಳಲ್ಲಿ ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲು, ಸಿಂಧನೂರು ಸಾಮಾನ್ಯ. ಮೀಸಲಾತಿಯಿಂದಲೇ ಆಯ್ಕೆ ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ. ಆ ಸಮುದಾಯಗಳಲ್ಲಿ ಓದಿದವರು, ದುಡಿದವರು ಸಾವಿರಾರು ಜನ ಇದ್ದಾರೆ. ಅವರ ಹೆಸರನ್ನು ಟಿಕೆಟ್ ಹಂಚುವ ಮುಂಚೆಯೇ ಪಕ್ಷದವರ ಕಿವಿಗೆ ಹಾಕುವ ಕೆಲಸ ನಿಮ್ಮದು. ಟಿಕೆಟ್ ಹಂಚಿದ ಮೇಲೆ ಗೊಣಗಿದರೆ, ಊಟ ಮುಗಿದ ಮೇಲೆ ಉಪ್ಪು ಕೇಳಿದ ಹಾಗೆ.

ಪಟ್ಟಿಯಲ್ಲಿ ಹೆಸರಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ನಮೂನೆ 6 ತುಂಬಿ ಕೊಡಿ, ವಿಳಾಸ ಬದಲಾಗಿದ್ದರೆ ನಮೂನೆ 8. ಮುಂದಿನ ಗ್ರಾಮಸಭೆಯ ದಿನ ಹೊಲದ ಕೆಲಸ ಅರ್ಧ ದಿನ ನಿಂತರೂ ಪರವಾಗಿಲ್ಲ, ಹೋಗಿ. ಹಿಂದಿನ ಗೋಡೆಗೆ ಒರಗಿ ನಿಲ್ಲದೆ ಮುಂದೆ ಕೂತು, ಹೋದ ಸಲದ ಕಾಮಗಾರಿಗಳ ಪಟ್ಟಿ ಕೇಳಿ. ಮನೆಯಲ್ಲಿ ಓದಿದ ಮಗಳಿದ್ದರೆ ಆಕೆಯನ್ನೂ ಕರೆದೊಯ್ಯಿರಿ, ಆ ಪಟ್ಟಿಯನ್ನು ಎದ್ದು ನಿಂತು ಅವಳೇ ಓದಲಿ.